ಕವರ್ 1944ರದ್ದು, ಚಿತ್ರ ಯಾವಾಗಿನದು? ಕೈಚಿತ್ರದ ರೈಲು ಕವರ್ ಕೊಳ್ಳೋ ಮುಂಚೆ

ಈ ಪಾಡ್‌ಕಾಸ್ಟ್‌ನಲ್ಲಿ ಸಾಮಾನ್ಯವಾಗಿ ನಾವು ಮಾತಾಡೋದು ಎಫ್‌ಡಿ, ಚೀಟಿ, ಇನ್ಶೂರೆನ್ಸ್, ಸಾಲ ಇಂಥ ವಿಷಯ. ಇವತ್ತು ನನ್ನದೇ ಒಂದು ಹವ್ಯಾಸದ ಬಗ್ಗೆ ಹೇಳ್ತೀನಿ. ಅದರಲ್ಲೂ ದುಡ್ಡಿದೆ, ಚಿಂತೆ ಬೇಡ. ನಾನು ಕಳೆದುಕೊಂಡ ದುಡ್ಡು.

ನಾನು ಅರಸೀಕೆರೆಯವಳು. ಜಂಕ್ಷನ್ ಊರಿನಲ್ಲಿ ಬೆಳೆದವರಿಗೆ ರೈಲಿನ ಹುಚ್ಚು ಹೇಗೆ ಬರುತ್ತೆ ಅಂತ ವಿವರಿಸಬೇಕಾಗಿಲ್ಲ. ಬಿ.ಕಾಂ. ಓದುವಾಗ ರೈಲಿನ ಅಂಚೆಚೀಟಿ ಸೇರಿಸೋಕೆ ಶುರು ಮಾಡಿದೆ. ಕೆಲಸ ಸಿಕ್ಕಿ ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೆ ಫಸ್ಟ್ ಡೇ ಕವರ್‌ಗೆ ಬಂದೆ. ಅದರಲ್ಲೂ ಕೈಯಿಂದ ಚಿತ್ರ ಬರೆದ ಕವರ್‌ಗಳು. ಹೋದ ವರ್ಷ ಅಮೆರಿಕದ ಒಬ್ಬ ಆನ್‌ಲೈನ್ ಮಾರಾಟಗಾರನಿಂದ ಅಂಥದ್ದೊಂದು ತರಿಸಿದೆ. ಅಂಚೆ ಖರ್ಚೆಲ್ಲ ಸೇರಿ 11,500 ರೂಪಾಯಿ. ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತ ಅಲ್ಲ.

ಆ ಕವರ್‌ನಿಂದ ನಾನು ಕಲಿತದ್ದೇ ಇವತ್ತಿನ ಸಂಚಿಕೆ. ಮೊದಲು ಇದು ಏನು ಅಂತ ನೋಡೋಣ.

ಒಂದು ಲಕೋಟೆ, ಮೂರು ವಸ್ತು

ಹೊಸ ಅಂಚೆಚೀಟಿ ಬಿಡುಗಡೆಯಾಗುವ ದಿನವೇ ಅದನ್ನು ಲಕೋಟೆಗೆ ಅಂಟಿಸಿ, ಅದೇ ದಿನಾಂಕದ ಠಸ್ಸೆ ಹೊಡೆಸಿದರೆ ಅದು ಫಸ್ಟ್ ಡೇ ಕವರ್. ಅಮೆರಿಕದಲ್ಲಿ ಪ್ರತಿ ಚೀಟಿಗೂ ಒಂದು ದಿನ ಮತ್ತು ಒಂದು ಊರು ಗೊತ್ತು ಮಾಡ್ತಾರೆ. ಆ ಊರಿನ ಠಸ್ಸೆ ಬಿದ್ದ ಕವರ್‌ಗೆ ಬೆಲೆ. 1937ರಿಂದ ಅಲ್ಲಿನ ಠಸ್ಸೆಯಲ್ಲಿ 'ಫಸ್ಟ್ ಡೇ ಆಫ್ ಇಶ್ಯೂ' ಅನ್ನೋ ಪದಗಳೇ ಇರುತ್ತವೆ.

ಲಕೋಟೆಯ ಬಲಗಡೆ ಚೀಟಿ, ಅದರ ಪಕ್ಕ ಠಸ್ಸೆ. ಎಡಗಡೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಬರುವ ಚಿತ್ರಕ್ಕೆ ಸಂಗ್ರಾಹಕರು 'ಕ್ಯಾಶೆ' ಅಂತಾರೆ, ಫ್ರೆಂಚ್ ಮೂಲದ ಪದ. 1923ರ ಸೆಪ್ಟೆಂಬರ್ 1ರಂದು, ಆಗಷ್ಟೇ ತೀರಿಕೊಂಡಿದ್ದ ಅಧ್ಯಕ್ಷ ಹಾರ್ಡಿಂಗ್ ನೆನಪಿನ ಚೀಟಿ ಬಂದಾಗ, ಜಾರ್ಜ್ ಲಿನ್ ಅನ್ನೋರು ಕಪ್ಪು ಅಂಚಿನ ಲಕೋಟೆಯ ಮೇಲೆ ಶ್ರದ್ಧಾಂಜಲಿಯ ಸಾಲು ಅಚ್ಚು ಹಾಕಿಸಿದರು. ಫಸ್ಟ್ ಡೇ ಕವರ್‌ನ ಮೊದಲ ಕ್ಯಾಶೆ ಅಂತ ಅದನ್ನೇ ಹೇಳೋದು ರೂಢಿ.

ಕ್ಯಾಶೆಯಲ್ಲಿ ಮೂರು ಬಗೆ. ಒಂದು, ಪೂರ್ತಿ ಅಚ್ಚಾದದ್ದು. ಎರಡು, ಗೆರೆ ಮಾತ್ರ ಅಚ್ಚಾಗಿ, ಬಣ್ಣವನ್ನು ಕೈಯಿಂದ ತುಂಬಿದ್ದು. ಮೂರು, ಗೆರೆಯೂ ಬಣ್ಣವೂ ಪೂರ್ತಿ ಕೈಯದ್ದೇ. ಮೂರನೆಯದು ಅಪರೂಪ. ಕೂತು ಒಂದೊಂದೇ ಬರೆಯಬೇಕಲ್ವಾ? 1940ರ ದಶಕದಲ್ಲಿ ಹೀಗೆ ಕೈಯಿಂದ ಬರೆದವರಲ್ಲಿ ಡೊರೊಥಿ ನ್ಯಾಪ್ ಅವರ ಹೆಸರು ದೊಡ್ಡದು. ಅವರ ಕವರ್‌ಗಳು ನನ್ನಂಥವಳ ಕೈಗೆ ಎಟುಕೋದಿಲ್ಲ.

ನನಗೆ ಈ ಎಡಗಡೆಯ ಜಾಗ ಯಾಕೆ ಇಷ್ಟ ಅಂದ್ರೆ, ಚೀಟಿಯಲ್ಲಿ ಏನಿರಬೇಕು ಅಂತ ಸರ್ಕಾರ ತೀರ್ಮಾನಿಸುತ್ತೆ, ಎಡಗಡೆ ಏನಿರಬೇಕು ಅಂತ ಒಬ್ಬ ಮನುಷ್ಯ ತೀರ್ಮಾನಿಸ್ತಾನೆ. ಅಮೆರಿಕದ ಪೂರ್ವ ಪಶ್ಚಿಮ ಸೇರಿಸಿದ ರೈಲು ದಾರಿಯನ್ನೇ ತಗೊಳ್ಳಿ. 1869ರ ಮೇ 10ರಂದು ಯೂಟಾದ ಪ್ರೊಮಾಂಟರಿ ಶಿಖರದಲ್ಲಿ ಸೆಂಟ್ರಲ್ ಪೆಸಿಫಿಕ್ ಮತ್ತು ಯೂನಿಯನ್ ಪೆಸಿಫಿಕ್ ಕಂಪನಿಗಳ ಹಳಿಗಳು ಕೂಡಿದವು. ಸೆಂಟ್ರಲ್ ಪೆಸಿಫಿಕ್ ಕಡೆಯ ಹಳಿ ಹಾಕಿದವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಚೀನೀ ಕೂಲಿಗಳಿದ್ದರು. ಆಂಡ್ರ್ಯೂ ರಸೆಲ್ ತೆಗೆದ ಆ ದಿನದ ಪ್ರಸಿದ್ಧ ಫೋಟೋದಲ್ಲಿ ಕೈಕುಲುಕುವ ಎಂಜಿನಿಯರ್‌ಗಳಿದ್ದಾರೆ, ಬಾಟಲಿ ಎತ್ತಿ ಹಿಡಿದವರಿದ್ದಾರೆ, ಈ ಕೂಲಿಗಳು ಕಾಣೋದಿಲ್ಲ ಅಂತಲೇ ಹೇಳಬೇಕು. ಕೈಚಿತ್ರ ಬರೆಯುವವರಿಗೆ ಆ ಕೊರತೆ ತುಂಬುವ ಅವಕಾಶ ಇದೆ. ನನ್ನ ಕವರ್‌ನಲ್ಲಿ ಎರಡು ಎಂಜಿನ್ ಎದುರುಬದುರು ನಿಂತಿವೆ, ಮುಂದೆ ಟೊಪ್ಪಿ ಹಾಕಿದ ಮೂವರು ಚೀನೀ ಕೂಲಿಗಳು ಹಳಿ ಎತ್ತುತ್ತಿದ್ದಾರೆ. ನಾನು ಸೋತಿದ್ದು ಆ ಮೂವರಿಗೆ.

ರೈಲು ಚೀಟಿಗಳಲ್ಲಿ ಯಾವುದು ಯಾವುದು

ಹೊಸಬರಿಗೆ ಒಂದು ಸಣ್ಣ ಪಟ್ಟಿ ಕೊಡ್ತೀನಿ. ಇವು ಕೈಚಿತ್ರದ ಕವರ್‌ಗಳಲ್ಲಿ ಹುಡುಕೋಕೆ ಒಳ್ಳೆಯ ಅಮೆರಿಕನ್ ಚೀಟಿಗಳು.

1944ರ ಮೇ 10: ಆ ಹಳಿ ಕೂಡಿದ 75ನೇ ವರ್ಷದ 3 ಸೆಂಟ್ ಚೀಟಿ. ಒಂದೇ ದಿನ ಮೂರು ಊರಲ್ಲಿ ಬಿಡುಗಡೆ: ಒಗ್ಡೆನ್, ಒಮಾಹಾ, ಸ್ಯಾನ್ ಫ್ರಾನ್ಸಿಸ್ಕೊ. ಹಾಗಾಗಿ ಮೂರು ಬೇರೆ ಬೇರೆ ಠಸ್ಸೆ ಸಿಗುತ್ತವೆ.

1950ರ ಏಪ್ರಿಲ್ 29: ಟೆನ್ನೆಸ್ಸಿಯ ಜ್ಯಾಕ್ಸನ್‌ನಲ್ಲಿ ಬಿಡುಗಡೆಯಾದ ರೈಲು ಚಾಲಕರ ಚೀಟಿ. ಅದರಲ್ಲಿರೋದು ಕೇಸಿ ಜೋನ್ಸ್. 1900ರ ಏಪ್ರಿಲ್ 30ರ ಬೆಳಗಿನ ಜಾವ ಎದುರಿಗೆ ನಿಂತ ರೈಲು ಕಂಡಾಗ, ಜೊತೆಗಿದ್ದ ಫೈರ್‌ಮನ್‌ಗೆ ಹಾರಿಕೋ ಅಂತ ಹೇಳಿ, ತಾನು ಬ್ರೇಕ್ ಬಿಡದೆ ಉಳಿದವನು. ಆ ಅಪಘಾತದಲ್ಲಿ ಸತ್ತವನು ಅವನೊಬ್ಬನೇ.

1952ರ ಫೆಬ್ರವರಿ 28: ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆಯ 125ನೇ ವರ್ಷ. ಕುದುರೆ ಎಳೆಯುವ ಗಾಡಿಯಿಂದ ಡೀಸೆಲ್‌ವರೆಗೂ ಒಂದೇ ಚೀಟಿಯಲ್ಲಿದೆ.

2019ರ ಮೇ 10: 150ನೇ ವರ್ಷಕ್ಕೆ ಪ್ರೊಮಾಂಟರಿಯಲ್ಲೇ ಬಿಡುಗಡೆಯಾದ ಮೂರು ಚೀಟಿ. ಜುಪಿಟರ್ ಎಂಜಿನ್, 119ನೇ ನಂಬರಿನ ಎಂಜಿನ್, ನಡುವೆ ಚಿನ್ನದ ಮೊಳೆ.

ನಮ್ಮಲ್ಲೂ ಇವೆ. ಬೋರಿ ಬಂದರ್‌ನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿದ ನೂರನೇ ವರ್ಷಕ್ಕೆ, 1953ರ ಏಪ್ರಿಲ್ 16ರಂದು ಬಂದ 2 ಆಣೆಯ ಚೀಟಿ. 1976ರ ಮೇ 15ರ ನಾಲ್ಕು ಎಂಜಿನ್‌ಗಳ ಸೆಟ್. ಈ 1976ರ ಸೆಟ್ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೆ.

ಠಸ್ಸೆ ಯಾವುದಕ್ಕೆ ಸಾಕ್ಷಿ?

ಈಗ ದುಡ್ಡಿನ ವಿಷಯ. 1944ರ ಸಾದಾ ಫಸ್ಟ್ ಡೇ ಕವರ್, ಎಡಗಡೆ ಖಾಲಿ ಇರೋದು, ಅಮೆರಿಕದಲ್ಲಿ ಇವತ್ತಿಗೂ ಕೆಲವೇ ಡಾಲರ್‌ಗೆ ಸಿಗುತ್ತೆ. ಆ ಕಾಲದಲ್ಲಿ ಅಷ್ಟೊಂದು ಜನ ಮಾಡಿಸಿದ್ದರು. ಅದೇ ಕವರ್ ಮೇಲೆ ಅದೇ ಕಾಲದ ಒಳ್ಳೆ ಕೈಚಿತ್ರ ಇದ್ದರೆ ಬೆಲೆ ಹಲವು ಪಟ್ಟು. ಕಾಮರ್ಸ್ ಓದಿದವರಿಗೆ ಇಲ್ಲೇ ಗಂಟೆ ಹೊಡೆಯಬೇಕು. ಕಚ್ಚಾ ಮಾಲು ಅಗ್ಗ, ಸಿದ್ಧ ಮಾಲು ದುಬಾರಿ, ನಡುವೆ ಬೇಕಾಗಿರೋದು ಒಂದು ಬ್ರಷ್ಷು ಮತ್ತು ಒಂದು ಮಧ್ಯಾಹ್ನ. ಹಾಗಿದ್ದಾಗ ಯಾರಾದರೂ ಹಳೇ ಖಾಲಿ ಕವರ್ ಕೊಂಡು ಈಗ ಚಿತ್ರ ಬರೆಯದೇ ಇರ್ತಾರಾ?

ಬರೀತಾರೆ. ಇದಕ್ಕೆ ಸಂಗ್ರಾಹಕರ ಭಾಷೆಯಲ್ಲಿ 'ಆಡ್-ಆನ್' ಅಂತ ಹೆಸರೇ ಇದೆ. ಅದು ತಪ್ಪೇನಲ್ಲ. ಪ್ರಾಮಾಣಿಕ ಕಲಾವಿದರು ಹಿಂದುಗಡೆ ಸಹಿ ಹಾಕಿ, ಬರೆದ ವರ್ಷ ಹಾಕ್ತಾರೆ. ಕೊಳ್ಳುವವರಿಗೆ ಗೊತ್ತಿದ್ದು ಕೊಂಡರೆ ಎಲ್ಲರಿಗೂ ಸಂತೋಷ. ಸಹಿ ಇಲ್ಲದೆ, ವರ್ಷ ಇಲ್ಲದೆ, ಹಳೇದು ಅನ್ನೋ ಭಾವನೆ ಬರೋ ಹಾಗೆ ಮಾರಿದಾಗ ತೊಂದರೆ.

ಠಸ್ಸೆ ನೋಡಿದರೆ ಗೊತ್ತಾಗಲ್ವಾ ಅಂತ ಕೇಳ್ತೀರಿ. ಗೊತ್ತಾಗಲ್ಲ. ಠಸ್ಸೆ ಸಾಕ್ಷಿ ಹೇಳೋದು ಚೀಟಿಗೆ ಮಾತ್ರ, ಚಿತ್ರಕ್ಕಲ್ಲ. ಇನ್ನೊಂದು ವಿಷಯ ಹೇಳ್ತೀನಿ, ಠಸ್ಸೆಯ ದಿನಾಂಕ ಅಂದರೆ ಠಸ್ಸೆ ಹೊಡೆದ ದಿನಾಂಕವೂ ಅಲ್ಲ. ಇವತ್ತು ಅಮೆರಿಕದ ಅಂಚೆ ಇಲಾಖೆ ಬಿಡುಗಡೆಯಾದ ಮೇಲೆ 120 ದಿನ ಗಡುವು ಕೊಡುತ್ತೆ. ಅಷ್ಟರೊಳಗೆ ಚೀಟಿ ಅಂಟಿಸಿದ ಲಕೋಟೆ ಕಳಿಸಿದರೆ ಮೊದಲ ದಿನದ ಠಸ್ಸೆಯನ್ನೇ ಹೊಡೆದು ಕೊಡ್ತಾರೆ. ಇದು ಮೋಸ ಅಲ್ಲ, ಎಲ್ಲರಿಗೂ ಗೊತ್ತಿರೋ ನಿಯಮ. ನಾವು ಮಾರ್ಚ್ 31ರ ತಾರೀಕು ಹಾಕಿ ಏಪ್ರಿಲ್‌ನಲ್ಲಿ ಲೆಕ್ಕ ಮುಗಿಸೋ ಹಾಗೆ.

ನಾನು ಕೊಂಡ ಕವರ್‌ನ ಜಾಹೀರಾತಿನಲ್ಲಿ ಏನಿತ್ತು ಗೊತ್ತಾ? '1944 ರೈಲು ಫಸ್ಟ್ ಡೇ ಕವರ್, ಕೈಯಿಂದ ಬರೆದ ಚಿತ್ರ.' ಇಷ್ಟೇ. ಕವರ್ 1944ರದ್ದು, ನಿಜ. ಚಿತ್ರ ಕೈಯಿಂದ ಬರೆದದ್ದು, ಅದೂ ನಿಜ. ಚಿತ್ರ 1944ರಲ್ಲಿ ಬರೆದದ್ದು ಅಂತ ಆತ ಎಲ್ಲೂ ಹೇಳಲಿಲ್ಲ. ಆ ಎರಡನ್ನೂ ಸೇರಿಸಿ ಓದಿಕೊಂಡವಳು ನಾನು.

ಪರೀಕ್ಷೆ ಮಾಡೋದು ಹೇಗೆ

ಇದಕ್ಕೆ ಲ್ಯಾಬ್ ಬೇಡ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಅಂಗಡಿಯವರು ನೋಟು ಚೆಕ್ ಮಾಡೋ ಥರದ ಯುವಿ ಟಾರ್ಚ್, ಸ್ವಲ್ಪ ಇತಿಹಾಸ. ಇಷ್ಟು ಸಾಕು.

ಮೊದಲು ಕಾಗದ. ಕಾಗದ ಬೆಳ್ಳಗೆ ಕಾಣಲಿ ಅಂತ ಸೇರಿಸೋ ಹೊಳಪಿನ ರಾಸಾಯನಿಕಗಳು ಸಾಮಾನ್ಯ ಬಳಕೆಗೆ ಬಂದದ್ದು ಸುಮಾರು 1950ರ ನಂತರ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಬಿಟ್ಟಾಗ 1944ರ ಲಕೋಟೆ ನೀಲಿ ಬಿಳುಪಾಗಿ ಫಳಫಳ ಅಂದರೆ ಅನುಮಾನ ಪಡಿ. ನನ್ನ ಕವರ್ ಹೊಳೆಯಲಿಲ್ಲ, ನಾನು ಖುಷಿಪಟ್ಟೆ. ಆದರೆ ಯೋಚನೆ ಮಾಡಿ, ಆಡ್-ಆನ್‌ನಲ್ಲಿ ಲಕೋಟೆ ನಿಜವಾಗಲೂ ಹಳೇದೇ. ಈ ಪರೀಕ್ಷೆ ಸುಳ್ಳು ಲಕೋಟೆ ಹಿಡಿಯುತ್ತೆ, ಹೊಸ ಚಿತ್ರ ಹಿಡಿಯಲ್ಲ.

ಎರಡು, ಯಾವುದು ಮೇಲೆ ಯಾವುದು ಕೆಳಗೆ. ಚಿತ್ರದ ಬಣ್ಣ ಠಸ್ಸೆಯನ್ನು ಮುಟ್ಟುವ ಕಡೆ ಭೂತಗನ್ನಡಿ ಇಡಿ. ಬಣ್ಣದ ಮೇಲೆ ಠಸ್ಸೆಯ ಮಸಿ ಕೂತಿದ್ದರೆ ಚಿತ್ರ ಮೊದಲು, ಠಸ್ಸೆ ಆಮೇಲೆ. ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಾಗಿಲ್ಲ. ಮಸಿಯ ಮೇಲೆ ಬಣ್ಣ ಇದ್ದರೆ? ಅಷ್ಟಕ್ಕೇ ತೀರ್ಪು ಕೊಡಬೇಡಿ. ಅಂಚೆಯಲ್ಲಿ ಚಿತ್ರ ಹಾಳಾಗಬಾರದು ಅಂತ, ಕವರ್ ವಾಪಸ್ ಬಂದ ಮೇಲೆ ಅದೇ ವಾರ ಬರೆದವರೂ ಇರಬಹುದು. ನನ್ನ ಕವರ್‌ನಲ್ಲಿ ಎಂಜಿನ್ನಿನ ಹೊಗೆ ಠಸ್ಸೆಯ ಅಂಚಿನ ಮೇಲೆ ಹಾದುಹೋಗಿತ್ತು. ಆಗಲೂ ನಾನು ಸಮಾಧಾನ ಹೇಳಿಕೊಂಡೆ.

ಮೂರು, ಬರೆದ ಸಾಮಾನು. ಕರೀ ಗೆರೆಗಳನ್ನು ನೋಡಿ. ನಿಬ್ಬಿನ ಪೆನ್ನಿನ ಗೆರೆ ಒತ್ತಿದ ಕಡೆ ದಪ್ಪ, ಬಿಟ್ಟ ಕಡೆ ಸಣ್ಣ. ನಾವು ಸ್ಕೂಲಲ್ಲಿ ಬಳಸ್ತಿದ್ದ ಸ್ಕೆಚ್ ಪೆನ್ ಥರದ್ದರ ಗೆರೆ ಉದ್ದಕ್ಕೂ ಒಂದೇ ದಪ್ಪ, ನಿಲ್ಲಿಸಿದ ಕಡೆ ಚುಕ್ಕಿಯಾಗಿ ಇಂಗಿರುತ್ತೆ. ಅಂಥ ಪೆನ್ನುಗಳು ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಅಕ್ರಿಲಿಕ್ ಬಣ್ಣವೂ ಹಾಗೇ. ನೀರಲ್ಲಿ ಕಲಸೋ ಅಕ್ರಿಲಿಕ್ ಕಲಾವಿದರಿಗೆ ಅಂಗಡಿಯಲ್ಲಿ ಸಿಕ್ಕಿದ್ದು 1950ರ ದಶಕದ ನಡುವೆ.

ನಾಲ್ಕು, ಚಿತ್ರದಲ್ಲಿ ಏನಿದೆ. ಇದನ್ನು ಯಾರೂ ಮೊದಲು ನೋಡಲ್ಲ, ನಾನೂ ನೋಡಲಿಲ್ಲ. ನನ್ನ ಚಿತ್ರದಲ್ಲಿ ಸೌದೆ ಉರಿಸೋ ಜುಪಿಟರ್ ಇದೆ, ಆಲಿಕೆ ಥರ ಅಗಲವಾದ ಹೊಗೆಕೊಳವೆ. ಎದುರಿಗೆ ಕಲ್ಲಿದ್ದಲಿನ 119, ನೇರ ಕೊಳವೆ. ಅಲ್ಲಿಗೆ ಎಲ್ಲ ಸರಿ. ಜುಪಿಟರ್‌ನ ಮೈ ನೀಲಿ, ಚಕ್ರ ಕಡುಗೆಂಪು. ಚೆಂದ ಇತ್ತು.

ಒಂದು ರಾತ್ರಿ ಪ್ರೊಮಾಂಟರಿಯ ವಿಡಿಯೋ ನೋಡ್ತಾ ಇದ್ದೆ. ಅಲ್ಲಿ ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಇದೆ, ಎರಡೂ ಎಂಜಿನ್ ಓಡಿಸಿ ತೋರಿಸ್ತಾರೆ. ಜುಪಿಟರ್ ಬಂತು. ನೀಲಿ ಮೈ, ಕಡುಗೆಂಪು ಚಕ್ರ, ಗೆರೆ ಗೆರೆಯೂ ನನ್ನ ಕವರ್‌ನದೇ. ಮೊದಲು ಸಂತೋಷ ಆಯ್ತು. ಆಮೇಲೆ ಹೊಟ್ಟೆ ಕಲಸಿತು. ಯಾಕೆಂದರೆ ಆ ಎಂಜಿನ್‌ಗಳು ಪ್ರತಿರೂಪಗಳು, 1979ರಲ್ಲಿ ಕಟ್ಟಿದ್ದು. ಮೂಲ ಎಂಜಿನ್‌ಗಳೆರಡೂ 1900ರ ದಶಕದಲ್ಲೇ ಗುಜರಿ ಸೇರಿದ್ದವು. 1869ರ ಫೋಟೋಗಳೆಲ್ಲ ಕಪ್ಪು ಬಿಳುಪು. 1944ರಲ್ಲಿ ಕೂತು ಬರೆಯುವ ಒಬ್ಬರಿಗೆ ಈ ನೀಲಿ, ಈ ಕೆಂಪು, ಇದೇ ಜಾಗದಲ್ಲಿ ಎಲ್ಲಿಂದ ಸಿಗಬೇಕು?

ಊಹೆಯಿಂದ ನೀಲಿ ಹಚ್ಚಿರಬಹುದು ಅಂತ ವಾದ ಮಾಡಬಹುದು. ಹಾಗಾಗಿ ಭೂತಗನ್ನಡಿ ತೆಗೆದು ಗೆರೆ ನೋಡಿದೆ. ಒಂದೇ ದಪ್ಪ. ಕೂಲಿಗಳ ಟೊಪ್ಪಿಯ ತುದಿಯಲ್ಲಿ ಇಂಗಿದ ಚುಕ್ಕಿಗಳು. ಮಸಿಯ ಮೇಲೆ ಹೊಗೆ, ಸ್ಕೆಚ್ ಪೆನ್ನು, 1979ರ ನಂತರದ ಎಂಜಿನ್. ಒಂದೊಂದನ್ನೇ ತಳ್ಳಿಹಾಕಬಹುದಿತ್ತು. ಮೂರನ್ನೂ ಒಟ್ಟಿಗೆ ತಳ್ಳಿಹಾಕೋಕೆ ಆಗಲಿಲ್ಲ.

ದಾವಣಗೆರೆಗೆ ಹೋದದ್ದು

ಇದು ನಡೆದದ್ದು ಒಂದು ಶನಿವಾರ ರಾತ್ರಿ. ಮಾರನೇ ದಿನ ಬೆಳಗ್ಗೆ ನಾನು ಅದೇ ಕವರ್ ಮಾರೋಕೆ ಹೊರಟಿದ್ದೆ.

ಹಿಂದಿನ ಒಂದು ಸಂಚಿಕೆಯಲ್ಲಿ ಈ ಕವರ್ ಬಗ್ಗೆ ಎರಡು ಮಾತು ಹೇಳಿದ್ದು ಕೆಲವರಿಗೆ ನೆನಪಿರಬಹುದು. ಅದನ್ನು ಕೇಳಿ ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದ್ದರು. ರೈಲು ಚೀಟಿಗಳನ್ನು ಐದು ದಶಕದಿಂದ ಕೂಡಿಸಿದವರು. 'ನನ್ನ ಹತ್ರ ಅಮೆರಿಕದ ಕೈಚಿತ್ರ ಒಂದೂ ಇಲ್ಲ ನೋಡಮ್ಮ, 13,000 ಕೊಡ್ತೀನಿ' ಅಂದಿದ್ದರು. ನನಗೆ ಆಗ ಮನೆ ಅಡ್ವಾನ್ಸ್‌ಗೆ ದುಡ್ಡು ಹೊಂದಿಸಬೇಕಿತ್ತು. ಒಪ್ಪಿಕೊಂಡಿದ್ದೆ.

ರೈಲಲ್ಲಿ ಕವರ್ ಮಡಿಲಲ್ಲಿಟ್ಟುಕೊಂಡು ಕೂತೆ. ಸುಳ್ಳು ಹೇಳಬೇಕಾಗೇ ಇರಲಿಲ್ಲ, ಅದೇ ಕಷ್ಟ. 'ಇದು 1944ರದ್ದೇ ತಾನೇ?' ಅಂತ ಅವರು ಕೇಳ್ತಾರೆ. 'ಹೌದು ಸರ್, ಕವರ್ 1944ರದ್ದೇ' ಅಂದರೆ ಮುಗೀತು. ನನಗೆ ಮಾರಿದವನು ಹೇಳಿದ್ದೂ ಅಷ್ಟೇ. 1,500 ಲಾಭ, ಅಡ್ವಾನ್ಸ್ ಚಿಂತೆ ಇಲ್ಲ. ಅರಸೀಕೆರೆ ದಾಟಿತು, ಬೀರೂರು ದಾಟಿತು, ನಾನು ಇದೇ ಲೆಕ್ಕ ಹಾಕ್ತಿದ್ದೆ ಅಂತ ಒಪ್ಪಿಕೊಳ್ತೀನಿ.

ಮೇಷ್ಟ್ರ ಮನೇಲಿ ಅವಲಕ್ಕಿ ಕೊಟ್ಟರು. ಕನ್ನಡಕ ಹಾಕಿಕೊಂಡು ಕವರ್ ಬೆಳಕಿಗೆ ಹಿಡಿದು, ಆ ಮೂವರು ಕೂಲಿಗಳನ್ನೇ ನೋಡಿದರು. ನಾನಂದುಕೊಂಡ ಪ್ರಶ್ನೆಯನ್ನೇ ಕೇಳಿದರು. ನಾನು 'ಕವರ್ ಹೌದು ಸರ್, ಚಿತ್ರ ಅಲ್ಲ' ಅಂದೆ. ವಿಡಿಯೋ ತೋರಿಸಿದೆ, ಭೂತಗನ್ನಡಿ ಕೊಟ್ಟೆ.

ಅವರು ಬಹಳ ಹೊತ್ತು ನೋಡಿದರು. 'ಹಂಗಾದ್ರೆ ನನಗೆ ಬ್ಯಾಡಮ್ಮ' ಅಂದರು. ಬೇಸರದಿಂದಲೇ ಅಂದರು. ಕಡಿಮೆ ಬೆಲೆಗೂ ಕೇಳಲಿಲ್ಲ.

ಆಮೇಲೆ ಒಳಗೆ ಹೋಗಿ ಒಂದು ಆಲ್ಬಮ್ ತಂದರು. 1976ರ ಎಂಜಿನ್ ಸೆಟ್, ನಾಲ್ಕು ಬಿಳೀ ಲಕೋಟೆ, ಮೇ 15ರ ಬೆಂಗಳೂರು ಠಸ್ಸೆ. ಪ್ರತಿಯೊಂದರ ಎಡಗಡೆ ಒಂದೊಂದು ಎಂಜಿನ್, ನೀರು ಬಣ್ಣದಲ್ಲಿ. ಬರೆದವರು ಅವರ ಸ್ನೇಹಿತರು, ಅಂಗಡಿ ಬೋರ್ಡ್ ಬರೀತಿದ್ದವರು, ಈಗಿಲ್ಲ. ಹಿಂದೆ ತಿರುಗಿಸಿದೆ. ಪೆನ್ಸಿಲ್‌ನಲ್ಲಿ ಸ್ನೇಹಿತರ ಸಹಿ, ಕೆಳಗೆ ಮೇಷ್ಟ್ರ ಅಕ್ಷರ: 'ಠಸ್ಸೆ 15-5-76. ಚಿತ್ರ 23-5-76.' ಎಂಟು ದಿನದ ವ್ಯತ್ಯಾಸ, ಅದನ್ನೂ ಬರೆದಿಟ್ಟಿದ್ದಾರೆ. ಯಾರೂ ಕೇಳದ ಕಾಲದಲ್ಲಿ.

ಮಾರ್ಕೆಟ್‌ನಲ್ಲಿ ಆ ನಾಲ್ಕಕ್ಕೆ ದೊಡ್ಡ ಬೆಲೆ ಬರಲಿಕ್ಕಿಲ್ಲ. ಆದರೆ ನಾನು ಓದಿದ ಆಡಿಟಿಂಗ್ ಭಾಷೆಯಲ್ಲಿ ಹೇಳೋದಾದರೆ, ಅವುಗಳಿಗೆ ವೋಚರ್ ಇತ್ತು. ನನ್ನದಕ್ಕೆ ಇರಲಿಲ್ಲ.

ನೀವು ಶುರು ಮಾಡೋದಾದರೆ

ಕೊಳ್ಳೋ ಮುಂಚೆ ಮಾರುವವರಿಗೆ ಒಂದೇ ಪ್ರಶ್ನೆ ಬರೆದು ಕಳಿಸಿ: 'ಚಿತ್ರ ಬರೆದದ್ದು ಯಾವ ವರ್ಷ, ಯಾರು?' ಉತ್ತರ ಬರಹದಲ್ಲೇ ಬರಲಿ. ಗೊತ್ತಿಲ್ಲ ಅಂದರೆ ಆಡ್-ಆನ್ ಅಂತಲೇ ಲೆಕ್ಕ ಹಾಕಿ, ಆ ಬೆಲೆಯನ್ನೇ ಕೊಡಿ. ಲಕೋಟೆಯ ಹಿಂಭಾಗದ ಫೋಟೋ ಕೇಳಿ. ದೊಡ್ಡ ಅಳತೆಯ ಸ್ಕ್ಯಾನ್ ಕೇಳಿ, ಗೆರೆ ಕಾಣಬೇಕು.

ಇನ್ನೂ ಒಳ್ಳೆ ದಾರಿ, ನೀವೇ ಮಾಡಿಸಿ. ನಮ್ಮ ಅಂಚೆ ಇಲಾಖೆಯ ಅಧಿಕೃತ ಫಸ್ಟ್ ಡೇ ಕವರ್‌ನಲ್ಲಿ ಎಡಗಡೆ ಚಿತ್ರ ಅಚ್ಚಾಗಿಯೇ ಬರುತ್ತೆ. ಅದರ ಬದಲು ದಪ್ಪ ಕಾಗದದ ಸಾದಾ ಲಕೋಟೆ ತಗೊಳ್ಳಿ. ರೈಲಿನ ಚೀಟಿ ಬರುವ ದಿನ ಬೆಂಗಳೂರು ಜಿಪಿಒ ಥರ ಫಿಲಾಟೆಲಿಕ್ ಬ್ಯೂರೋ ಇರೋ ಕಡೆ ಹೋಗಿ, ಚೀಟಿ ಅಂಟಿಸಿ, ಮೊದಲ ದಿನದ ಠಸ್ಸೆ ಹೊಡೆಸಿ. ಚಿತ್ರ ಮುಂಚೆಯೇ ಬರೆಸಿದ್ದರೆ ಬಣ್ಣ ಪೂರ್ತಿ ಒಣಗಿರಲಿ, ಠಸ್ಸೆ ಬೀಳುವ ಜಾಗ ಬಿಟ್ಟಿರಲಿ. ಹಿಂದುಗಡೆ ಮೆತ್ತನೆ ಪೆನ್ಸಿಲ್‌ನಲ್ಲಿ ಯಾರು, ಯಾವಾಗ ಅಂತ ಬರೆಯಿರಿ. ಇಂಕು ಬೇಡ, ಮುಂದಕ್ಕೆ ಇಳಿಯುತ್ತೆ. ಆಮೇಲೆ ಬಿಸಿಲು ತಾಗದ ಕಡೆ ಇಡಿ, ಆಸಿಡ್ ಇಲ್ಲದ ಆಲ್ಬಮ್ ಸಿಕ್ಕರೆ ಅದರಲ್ಲಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಗಾಳಿ ಆಡಿಸಿ, ನಮ್ಮ ಕಡೆ ಬೂಷ್ಟು ಬೇಗ ಹಿಡಿಯುತ್ತೆ.

ನನ್ನ ಕವರ್ ನನ್ನ ಹತ್ರವೇ ಇದೆ. ಮಾರಿದವನಿಗೆ ಬರೆದೆ, ಉತ್ತರ ಬರಲಿಲ್ಲ. ಆಲ್ಬಮ್‌ನಲ್ಲಿ ಅದರ ಜೊತೆ ಒಂದು ಚೀಟಿ ಬರೆದಿಟ್ಟಿದ್ದೀನಿ: 'ಠಸ್ಸೆ 10-5-1944, ಒಗ್ಡೆನ್. ಚಿತ್ರ 1979ರ ನಂತರ. ಬರೆದವರು ಗೊತ್ತಿಲ್ಲ.' ಆ ಮೂವರು ಕೂಲಿಗಳನ್ನು ಈಗಲೂ ಆಗಾಗ ತೆಗೆದು ನೋಡ್ತೀನಿ. ಬರೆದವರಿಗೆ ಕೈ ಚೆನ್ನಾಗಿತ್ತು. ಸಹಿ ಹಾಕಿದ್ದರೆ ಅವರ ಬೇರೆ ಕವರ್‌ಗಳನ್ನೂ ಹುಡುಕ್ತಿದ್ದೆ.

ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ಕೈಚಿತ್ರದ ಲಕೋಟೆ ಏನಾದ್ರೂ ಇದ್ದರೆ, ಹಿಂದೆ ತಿರುಗಿಸಿ ಏನು ಬರೆದಿದೆ ಅಂತ ನೋಡಿ, ನನಗೂ ತಿಳಿಸಿ. ಮುಂದಿನ ವಾರ ಮತ್ತೆ ನಮ್ಮ ಮಾಮೂಲಿ ವಿಷಯ: ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಪಡೆಯೋದು ಹೇಗೆ ಅಂತ. ಅಲ್ಲಿಯವರೆಗೆ, ನಮಸ್ಕಾರ.